ಪ್ರತಿಕ್ರಿಯೆ: ‘ಡ್ರಾ ಫೈರ್’ ಎಂಬುದನ್ನು ಕನ್ನಡಕ್ಕೆ ತರುವ ಬಗೆ

ಮಾನ್ವಿ ಭಾಗದ ರೈತರ ಸಭೆಯ ಇಂಗ್ಲಿಷ್ ವರದಿಯಲ್ಲಿದ್ದ ‘ಡ್ರಾ ಫೈರ್’ (draw fire) ಎಂಬುದನ್ನು ಕನ್ನಡದಲ್ಲಿ ಹೇಗೆ ಬರೆಯಬೇಕೆಂದು ನೀವು ಕೇಳಿದ್ದೀರಿ. ಅನುವಾದದಲ್ಲಿ ಅದು ‘ಅಧಿಕಾರಿ ಬೆಂಕಿಯನ್ನು ಸೆಳೆದರು’ ಎಂದಾಗಿ ಅರ್ಥಗೆಟ್ಟಿರುವುದಕ್ಕೆ ಕಾರಣ, ಇಲ್ಲಿನ ‘ಫೈರ್’ ಉರಿಯುವ ಬೆಂಕಿಯಲ್ಲ, ಗುಂಡಿನ ದಾಳಿ. ಜೊತೆಗಾರರು ಅಪಾಯದಿಂದ ಪಾರಾಗಲೆಂದು ಸೈನಿಕನೊಬ್ಬ ಶತ್ರುವಿನ ಗುಂಡುಗಳನ್ನು ತನ್ನತ್ತ ತಿರುಗಿಸಿಕೊಳ್ಳುವ ಚಿತ್ರ ಈ ಮಾತಿನ ಹಿಂದಿದೆ. ಇಂಥ ವರದಿಯಲ್ಲಿ ಗುಂಡಿನ ಜಾಗದಲ್ಲಿ ಟೀಕೆ ಇರುತ್ತದೆ.

ಮೊದಲು ಮೂಲವಾಕ್ಯದಲ್ಲಿ ಯಾರನ್ನಾದರೂ ಕಾಪಾಡಿದ ಸೂಚನೆ ಇದೆಯೇ ಎಂದು ನೋಡಿ. ‘ಫ್ರಮ್’ (from) ಎಂಬುದರ ಬಳಿಕ ಟೀಕಿಸಿದವರ ಉಲ್ಲೇಖವಷ್ಟೇ ಇದ್ದರೆ ‘ಟೀಕೆಗೆ ಗುರಿಯಾದರು’ ಎಂದರೆ ಸಾಕು. ‘ಅವೇ ಫ್ರಮ್’ (away from) ಎಂದಿದ್ದರೆ ರಕ್ಷಣೆಯ ಅರ್ಥವೂ ಸೇರುತ್ತದೆ. ಆಗ ‘ಕಾಲುವೆಯ ಕೊನೆಯ ಭಾಗಕ್ಕೆ ನೀರು ತಲುಪದ ಸಿಟ್ಟು ಕೆಳಗಿನ ಸಿಬ್ಬಂದಿಯ ಮೇಲೆ ತಿರುಗದಂತೆ ಅಧಿಕಾರಿಯು ಟೀಕೆಯನ್ನೆಲ್ಲ ತಮ್ಮ ಮೈಮೇಲೆ ಎಳೆದುಕೊಂಡರು’ ಎಂದು ಬರೆಯಿರಿ. ನೀವು ಒಂದೇ ವಾಕ್ಯವನ್ನು ಕೊಟ್ಟಿರುವುದರಿಂದ ಎರಡರಲ್ಲಿ ಯಾವುದೆಂದು ನಾನು ಖಚಿತವಾಗಿ ಹೇಳಲಾರೆ.

‘ಬಲಿಪಶು’ ಎಂಬ ಪದವನ್ನು ದಯವಿಟ್ಟು ಬಳಸಬೇಡಿ. ಅದು ಬೇರೆಯವರು ಹೊರಿಸಿದ ತಪ್ಪಿಗೆ ಸಿಕ್ಕಿಬಿದ್ದವರಿಗೆ ಸಲ್ಲುತ್ತದೆ. ತಾವಾಗಿ ಮುಂದೆ ಬಂದು ನಿಂತವರನ್ನು ಹಾಗೆ ಕರೆಯುವುದು ಅವರಿಗೆ ಮಾಡುವ ಅನ್ಯಾಯ.

ಅದೇ ವರದಿಯ ‘ಲೈಟ್ನಿಂಗ್ ರಾಡ್’ ಕಟ್ಟಡದ ಮೇಲೆ ಎರಗುವ ಸಿಡಿಲನ್ನು ನೆಲಕ್ಕೆ ಹರಿಸುವ ಲೋಹದ ಸರಳು. ಬಯಸದಿದ್ದರೂ ಟೀಕೆಯ ಕೇಂದ್ರವಾದವರಿಗೂ ಈ ಮಾತನ್ನು ಬಳಸುವುದರಿಂದ, ಆ ವ್ಯಕ್ತಿ ಬೇಕೆಂದೇ ಮುಂದೆ ಬಂದದ್ದು ಸ್ಪಷ್ಟವಿಲ್ಲದಿದ್ದರೆ ‘ಎಲ್ಲರ ಆಕ್ರೋಶವೂ ಅವರತ್ತಲೇ ತಿರುಗಿತು’ ಎಂದು ಬರೆಯಿರಿ.