ನಿಮ್ಮ ‘ಪಂಚಾಯತ್’ ಲೇಖನ: ಹತ್ತು ಕ್ಷಣ ಬೇಡ, ಒಂದು ಸಾಕು

ನಮಸ್ಕಾರ.

‘ಪಂಚಾಯತ್’ ಎಂಬ ಹಿಂದಿ ವೆಬ್ ಸೀರೀಸ್ ಬಗ್ಗೆ ನೀವು ಕಳಿಸಿದ ‘ಪಂಚಾಯತ್ ಸೀಸನ್ ಎರಡು: ಮನಸ್ಸು ಗೆದ್ದ ಹತ್ತು ಕ್ಷಣಗಳು’ ಲೇಖನವನ್ನು ನಿಧಾನವಾಗಿ ಓದಿದೆ. ಈಗಿರುವ ರೂಪದಲ್ಲಿ ಇದನ್ನು ಪ್ರಕಟಿಸಲು ಆಗುವುದಿಲ್ಲ. ಈ ಮಾತನ್ನು ಮೊದಲೇ ಹೇಳಿಬಿಡುತ್ತೇನೆ, ಕೊನೆಯವರೆಗೆ ನಿಮ್ಮನ್ನು ಕಾಯಿಸುವುದು ಸರಿಯಲ್ಲ. ಆದರೆ ಇದರೊಳಗೆ ಒಂದು ಒಳ್ಳೆಯ ಲೇಖನ ಅಡಗಿದೆ. ಅದನ್ನು ನೀವು ಬರೆಯಲೇಬೇಕು. ಅದಕ್ಕೇ ಇಷ್ಟು ಉದ್ದದ ಪತ್ರ.

ಎಂಟನೇ ಕ್ಷಣದ ಕೊನೆಯಲ್ಲಿ ನೀವು ಹೀಗೆ ಬರೆದಿದ್ದೀರಿ: ‘ಕೊನೆಯ ಕಂತು ಮುಗಿದ ಮೇಲೆ ಅಪ್ಪ ರಿಮೋಟ್ ಕೆಳಗಿಟ್ಟು ಎದ್ದು ಹಿತ್ತಲಿಗೆ ಹೋದರು. ಊಟಕ್ಕೆ ಕರೆದರೂ ಬರಲಿಲ್ಲ.’ ಅದರ ಬೆನ್ನಿಗೇ ‘ಇನ್ನು ಬಿನೋದನ ವಿಷಯಕ್ಕೆ ಬರೋಣ’ ಎಂದು ಮುಂದೆ ಹೋಗಿಬಿಟ್ಟಿರಿ. ನಾನು ಅಲ್ಲಿಯೇ ನಿಂತೆ. ಆ ಕಂತಿನಲ್ಲಿ ಸೈನ್ಯದಲ್ಲಿದ್ದ ಮಗನೊಬ್ಬನ ಸಾವಿನ ಸುದ್ದಿ ಬರುತ್ತದೆ. ಅಪ್ಪ ಯಾಕೆ ಎದ್ದು ಹೋದರು? ನಿಮ್ಮ ಮನೆಯಲ್ಲಿ ಯಾರಾದರೂ ಸೈನ್ಯದಲ್ಲಿದ್ದರಾ? ಅಥವಾ ಮಗ ದೂರದ ಊರಿನಲ್ಲಿರುವ ಎಲ್ಲ ಅಪ್ಪಂದಿರಂತೆ ಅವರಿಗೂ ಏನೋ ನೆನಪಾಯಿತಾ? ನೀವು ಹೇಳುವುದಿಲ್ಲ. ಇಡೀ ಲೇಖನದಲ್ಲಿ ಬೇರೆ ಯಾರೂ ಬರೆಯಲಾಗದ ಮಾತು ಇದೊಂದೇ. ಉಳಿದ ಒಂಬತ್ತು ಕ್ಷಣಗಳನ್ನು ಸೀರೀಸ್ ನೋಡಿದ ಯಾರು ಬೇಕಾದರೂ ಬರೆಯಬಹುದು.

ಹತ್ತು ಕ್ಷಣಗಳ ಪಟ್ಟಿಯ ತೊಂದರೆ ಇದು. ಹತ್ತಕ್ಕೂ ಒಂದೇ ಅಳತೆ ಬೀಳುತ್ತದೆ. ದೃಶ್ಯದಲ್ಲಿ ಏನಾಯಿತು ಎಂದು ಮೂರು ಸಾಲು, ನಟರ ಹೆಸರು, ಆಮೇಲೆ ‘ನಗಿಸುತ್ತಲೇ ಅಳಿಸುತ್ತದೆ’ ಎಂಬಂಥ ಒಂದು ಸಾಲು. ಸೀರೀಸ್ ನೋಡಿದವರಿಗೆ ಇದರಿಂದ ಹೊಸದೇನೂ ಸಿಗುವುದಿಲ್ಲ. ನೋಡದವರಿಗೆ ಕೊನೆಯ ಕಂತಿನ ಗುಟ್ಟು ಮಾತ್ರ ಬಯಲಾಗುತ್ತದೆ. ನಿಮಗೆ ಆ ಸಾವು ತಟ್ಟಿದ ರೀತಿಯೂ ಕುಡುಕ ಡ್ರೈವರ್ ನಗಿಸಿದ ರೀತಿಯೂ ಒಂದೇ ಅಲ್ಲ ಅಲ್ವಾ? ಮತ್ತೆ ಎರಡಕ್ಕೂ ಸಮಸಮ ಜಾಗ ಯಾಕೆ?

ಪ್ರಹ್ಲಾದ್ ಪಾತ್ರವನ್ನೇ ತೆಗೆದುಕೊಳ್ಳಿ. ‘ಫೈಸಲ್ ಮಲಿಕ್ ಅಭಿನಯ ಮನಕಲಕುವಂತಿದೆ’ ಎಂದು ಬರೆದಿದ್ದೀರಿ. ಹೌದು, ಕಲಕುತ್ತದೆ. ಹೇಗೆ ಎನ್ನುವುದು ನನಗೆ ಬೇಕು. ಮೊದಲ ಸೀಸನ್ ಬಂದದ್ದು 2020ರಲ್ಲಿ, ಎರಡನೆಯದು 2022ರ ಮೇ ತಿಂಗಳಲ್ಲಿ. ಎರಡರಲ್ಲೂ ತಲಾ ಎಂಟು ಕಂತು. ಇಷ್ಟೂ ಹೊತ್ತು ಈ ಉಪಪ್ರಧಾನ, ಅಂದರೆ ಪಂಚಾಯತಿಯ ಉಪಾಧ್ಯಕ್ಷ, ನಮಗೆ ನಗೆಯ ಮನುಷ್ಯ. ಕಚೇರಿಯ ಸಹಾಯಕ ವಿಕಾಸ್ ಜೊತೆ ಸೇರಿ ‘ಸಚಿವ್’ ಅಭಿಷೇಕ್‌ನನ್ನು, ಅಂದರೆ ಪಂಚಾಯತಿ ಕಾರ್ಯದರ್ಶಿಯನ್ನು, ಕಾಡಿಸುವವನು. ಊರಿನ ಮುಖ್ಯಸ್ಥ ಎನಿಸಿಕೊಂಡ ಪ್ರಧಾನರ ಮಾತಿಗೆ ತಲೆಯಾಡಿಸುತ್ತ ಪಕ್ಕದಲ್ಲಿ ಕೂರುವವನು. ದೊಡ್ಡ ಮೈ, ಸುಲಭದ ನಗು. ಅವನ ಹೆಂಡತಿ ತೀರಿಕೊಂಡಿದ್ದಾಳೆ, ಇರುವವನು ಒಬ್ಬನೇ ಮಗ, ಅವನೂ ಸೈನ್ಯದಲ್ಲಿದ್ದಾನೆ. ಈ ನಗುವಿನ ನಡುವೆ ಅದನ್ನು ನಾವು ಅಷ್ಟಾಗಿ ಗಮನಿಸಿಯೇ ಇರುವುದಿಲ್ಲ. ‘ಪರಿವಾರ್’ ಎಂಬ ಎಂಟನೇ ಕಂತಿನಲ್ಲಿ ಮಗ ಹುತಾತ್ಮನಾದ ಸುದ್ದಿ ಬರುತ್ತದೆ. ಅಲ್ಲಿಂದ ಮುಂದೆ ಮಲಿಕ್ ಮಾಡುವುದು ತೀರಾ ಕಡಿಮೆ. ದೊಡ್ಡ ಡೈಲಾಗ್ ಇಲ್ಲ, ಎದೆ ಬಡಿದುಕೊಳ್ಳುವುದಿಲ್ಲ. ಅದೇ ದೊಡ್ಡ ಮೈ, ಆದರೆ ಅದನ್ನು ಎಲ್ಲಿಡಬೇಕು ಎಂದು ಗೊತ್ತಾಗದೆ ಕೂತ ಹಾಗೆ ಕಾಣುತ್ತದೆ. ಜೊತೆಗಿರುತ್ತೇವೆ ಎನ್ನುವ ಗೆಳೆಯರಿಗೆ ಅವನು ಮನೆಗೆ ಹೋಗಿ ಎನ್ನುತ್ತಾನೆ. ಒಂದಲ್ಲ ಒಂದು ದಿನ ಒಬ್ಬನೇ ಇರಲೇಬೇಕಲ್ಲ ಎಂಬರ್ಥದ ಮಾತು ಅದು. ಸಾವಿನ ಮನೆಯನ್ನು ಕಂಡವರಿಗೆ ಇದು ಗೊತ್ತು. ಜನ ತುಂಬಿರುವಷ್ಟು ಹೊತ್ತು ಹೇಗೋ ಕಳೆಯುತ್ತದೆ. ಎಲ್ಲರೂ ಚಪ್ಪಲಿ ಹಾಕಿಕೊಂಡು ಹೊರಟ ಮೇಲಿನ ಹೊತ್ತೇ ಕಷ್ಟ. ಬರಹಗಾರ ಚಂದನ್ ಕುಮಾರ್‌ಗೆ ಅದು ಗೊತ್ತಿದೆ, ನಟನಿಗೂ ಗೊತ್ತಿದೆ. ನನ್ನ ಊಹೆ, ನಿಮ್ಮ ಅಪ್ಪನಿಗೂ ಗೊತ್ತಿತ್ತು.

ಇಷ್ಟನ್ನು ನಾನು ಬರೆದದ್ದು ನನ್ನ ಮಾತನ್ನು ನೀವು ಎತ್ತಿಕೊಳ್ಳಲಿ ಎಂದಲ್ಲ. ಆ ಕಂತನ್ನು ಇನ್ನೊಮ್ಮೆ ಹಾಕಿ. ಈ ಸಲ ಕತೆ ನೋಡಬೇಡಿ, ಆ ಒಬ್ಬ ಮನುಷ್ಯನನ್ನು ಮಾತ್ರ ನೋಡಿ. ಕಣ್ಣು ಎಲ್ಲಿದೆ, ಕೈ ಏನು ಮಾಡುತ್ತಿದೆ, ಯಾರು ಮುಟ್ಟಿದಾಗ ಏನಾಗುತ್ತದೆ. ಆಮೇಲೆ ಲ್ಯಾಪ್‌ಟಾಪ್ ಮುಚ್ಚಿ, ನೆನಪಿನಲ್ಲಿ ಉಳಿದದ್ದನ್ನು ಬರೆಯಿರಿ.

ಅದೇ ಕಂತಿನಲ್ಲಿ ಇನ್ನೊಂದು ಸಂಗತಿ ನಿಮ್ಮ ಪಟ್ಟಿಯಿಂದ ಪೂರ್ತಿ ತಪ್ಪಿಹೋಗಿದೆ. ನನಗೆ ಆಶ್ಚರ್ಯವಾಯಿತು. ಸಾವಿನ ಮನೆಗೆ ಬಂದು ಹೆಸರು ಮಾಡಿಕೊಳ್ಳಲು ಹೊರಟ ಶಾಸಕನನ್ನು ಮಂಜು ದೇವಿ ತಡೆಯುತ್ತಾಳಲ್ಲ, ಅದು. ಮಂಜು ದೇವಿ ಫುಲೇರಾ ಗ್ರಾಮದ ನಿಜವಾದ ಪ್ರಧಾನೆ. ಸ್ಥಾನ ಹೆಂಗಸರಿಗೆ ಮೀಸಲಾಗಿದ್ದರಿಂದ ಗೆದ್ದವಳು ಅವಳು, ಅಧಿಕಾರ ನಡೆಸುವವನು ಗಂಡ. ಮೊದಲ ಸೀಸನ್ ಕೊನೆಯಲ್ಲಿ ಧ್ವಜ ಹಾರಿಸಿ ರಾಷ್ಟ್ರಗೀತೆ ಹಾಡುವುದಕ್ಕೇ ಅವಳು ತಡಕಾಡಿದ್ದಳು. ಅದೇ ಹೆಂಗಸು ಈಗ ಊರಿನ ಪರವಾಗಿ ಶಾಸಕನ ಎದುರು ನಿಲ್ಲುತ್ತಾಳೆ. ನೀನಾ ಗುಪ್ತಾ ಇಲ್ಲಿ ನಾಯಕಿಯ ಭಾಷಣ ಮಾಡುವುದಿಲ್ಲ. ಅಡುಗೆ ಮನೆಯಲ್ಲಿ ಗಂಡನನ್ನು ಗದರುವ ಅದೇ ದನಿಯನ್ನು ಶಾಸಕನ ಮೇಲೆ ತಿರುಗಿಸುತ್ತಾರೆ. ದನಿ ಬದಲಾಗಲಿಲ್ಲ, ಅದನ್ನು ಬಳಸಿದ ಜಾಗ ಬದಲಾಯಿತು. ಈ ಸೀಸನ್ನಿನಲ್ಲಿ ನನಗೆ ಅತಿ ಇಷ್ಟವಾದದ್ದು ಇದೇ.

ಕನ್ನಡ ಓದುಗರಿಗೆ ಇದನ್ನು ವಿವರಿಸಲು ಕಷ್ಟಪಡಬೇಕಾಗಿಲ್ಲ. ನಮ್ಮಲ್ಲೂ ಗ್ರಾಮ ಪಂಚಾಯತಿಗಳ ಅರ್ಧದಷ್ಟು ಸ್ಥಾನ ಹೆಂಗಸರಿಗೆ ಮೀಸಲು. ‘ಅಧ್ಯಕ್ಷರ ಗಂಡ’ ಮಾತಾಡುವುದನ್ನು ಕೇಳದ ಊರು ಕಡಿಮೆ. ಸಚಿವ್ ಅಭಿಷೇಕ್ ತ್ರಿಪಾಠಿಯ ಕೆಲಸ ಏನು ಎಂದು ನೀವು ಒಂದು ಪ್ಯಾರಾ ಪೂರ್ತಿ ವಿವರಿಸಿದ್ದೀರಿ. ಹೆಚ್ಚುಕಡಿಮೆ ನಮ್ಮ ಪಿಡಿಒ ಇದ್ದ ಹಾಗೆ ಎಂದರೆ ಮುಗಿಯಿತು. ಇದಕ್ಕಿಂತ ಜಾಸ್ತಿ ಕರ್ನಾಟಕವನ್ನು ಎಳೆದು ತರಬೇಡಿ. ಅದು ಉತ್ತರ ಪ್ರದೇಶದ ಬಲಿಯಾ ಜಿಲ್ಲೆಯ ಕತೆ, ಅಲ್ಲಿಯದೇ ಆಗಿ ಉಳಿಯಲಿ.

ಇನ್ನು ಬಿನೋದ್. ಎಲ್ಲಕ್ಕಿಂತ ಉದ್ದದ ಭಾಗ ನೀವು ಕೊಟ್ಟಿರುವುದು ಅವನಿಗೆ. ‘ದೇಖ್ ರಹಾ ಹೈ ಬಿನೋದ್’ ಎಂಬ ಮೀಮ್ ಎಲ್ಲರ ಫೋನಿಗೂ ಬಂದು ಹೋಗಿದೆ. ಅದನ್ನು ಮತ್ತೆ ಹೇಳಿದರೆ ಓದುಗರು ಪುಟ ತಿರುಗಿಸುತ್ತಾರೆ. ಬರೆಯಲೇಬೇಕು ಎಂದಿದ್ದರೆ ಮೀಮ್ ಬಿಟ್ಟು ಮನುಷ್ಯನ ಬಗ್ಗೆ ಬರೆಯಿರಿ. ಮನೆಯಲ್ಲಿ ಶೌಚಾಲಯವಿಲ್ಲದ ಬಡವ ಅವನು. ಅವನ ಕೊರತೆಯನ್ನು ಪ್ರಧಾನರ ವಿರೋಧಿ ಭೂಷಣ್ ತನ್ನ ರಾಜಕೀಯಕ್ಕೆ ಬಳಸಿಕೊಳ್ಳುತ್ತಾನೆ. ಮಾತೆಲ್ಲ ಭೂಷಣನದು, ಅಂದರೆ ದುರ್ಗೇಶ್ ಕುಮಾರ್ ಅವರದು. ಬಿನೋದ್ ಆಗಿರುವ ಅಶೋಕ್ ಪಾಠಕ್ ಸುಮ್ನೆ ಪಕ್ಕದಲ್ಲಿ ನಿಂತು ನೋಡುತ್ತಾರೆ. ಆ ನೋಟದಲ್ಲಿ ಅವನಿಗೆ ಎಷ್ಟು ಅರ್ಥವಾಗಿದೆ ಎಂಬುದು ಕೊನೆಗೂ ಸ್ಪಷ್ಟವಾಗುವುದಿಲ್ಲ. ನನಗೆ ಕುತೂಹಲ ಹುಟ್ಟಿಸಿದ್ದು ಅದು.

ವ್ಯಸನಮುಕ್ತಿ ಪ್ರಚಾರದ ಗಾಡಿಗೆ ಕುಡುಕನೇ ಡ್ರೈವರ್ ಆಗಿರುವ ಕಂತು ನಗಿಸುತ್ತದೆ, ಸರಿ. ಆದರೆ ಅದರ ಬಗ್ಗೆ ಹೇಳಲು ನಿಮ್ಮ ಬಳಿ ಬೇರೇನೂ ಇಲ್ಲ. ಬಿಟ್ಟುಬಿಡಿ. ಅಭಿಷೇಕ್ ಮತ್ತು ಪ್ರಧಾನರ ಮಗಳು ರಿಂಕಿಯ ಭಾಗವೂ ಹಾಗೆಯೇ.

ಮೊದಲ ಕಂತು ‘ನಾಚ್’ ಬಗ್ಗೆ ನೀವು ಬರೆದದ್ದು ಮಾತ್ರ ನನಗೆ ಹಿಡಿಸಿತು. ಕುಣಿಯಲು ಬಂದ ಹುಡುಗಿಯನ್ನು ಅಭಿಷೇಕ್ ಈ ಕೆಲಸ ಯಾಕೆ ಎಂಬ ಧಾಟಿಯಲ್ಲಿ ಕೇಳುತ್ತಾನೆ. ನೀವೂ ಒಂದು ರೀತಿಯಲ್ಲಿ ಕುಣಿಯುತ್ತಲೇ ಇದ್ದೀರಲ್ಲ ಎಂದು ಅವಳು ತಿರುಗಿ ಹೇಳುತ್ತಾಳೆ. ಇದಕ್ಕೆ ಅಭಿಷೇಕ್ ಪಾತ್ರದ ಜಿತೇಂದ್ರ ಕುಮಾರ್ ಮುಖದಲ್ಲಿ ಆಗುವ ಬದಲಾವಣೆಯನ್ನು ನೀವು ಗಮನಿಸಿದ್ದೀರಿ. ಒಂದೇ ಸಾಲಿನಲ್ಲಿ ಬರೆದರೂ ಅದು ನಿಮ್ಮ ಸ್ವಂತ ಕಣ್ಣು. ಇನ್ನೂ ಬೆಳೆಸಬಹುದು. ಮೊದಲ ಸೀಸನ್ನಿನಲ್ಲಿ ಇಪ್ಪತ್ತು ಸಾವಿರದ ಕೆಲಸಕ್ಕೆ ಬಂದು, ಊರನ್ನು ಶಪಿಸುತ್ತ, ರಾತ್ರಿ ಎಂಬಿಎ ಪ್ರವೇಶದ ಕ್ಯಾಟ್ ಪರೀಕ್ಷೆಗೆ ಓದುತ್ತಿದ್ದ ಹುಡುಗ ಅವನು. ಎರಡನೇ ಸೀಸನ್ ಅವನದಲ್ಲ, ಊರಿನದು. ಆ ಜಾಗವನ್ನು ನಾಯಕ ನಟ ಬಿಟ್ಟುಕೊಟ್ಟಿದ್ದಾರೆ. ಹೆಚ್ಚಿನ ಕಡೆ ಅವರು ಕೇಳುತ್ತಾರೆ, ನೋಡುತ್ತಾರೆ, ಪಕ್ಕಕ್ಕೆ ಸರಿಯುತ್ತಾರೆ. ಕೊನೆಯಲ್ಲಿ ಪ್ರಹ್ಲಾದನ ದುಃಖ ಅಷ್ಟು ದೊಡ್ಡದಾಗಿ ಕಾಣುವುದಕ್ಕೆ ಇದೂ ಒಂದು ಕಾರಣ ಎಂದು ನನಗನ್ನಿಸುತ್ತದೆ. ನಿಮಗೆ ಹಾಗನ್ನಿಸದಿದ್ದರೆ ಅದನ್ನೇ ಬರೆಯಿರಿ. ನನ್ನ ಜೊತೆ ಜಗಳವಾಡುವ ಲೇಖನ ಬಂದರೂ ನನಗೆ ಸಂತೋಷ.

ನಿಮ್ಮ ಲೇಖನದಲ್ಲಿ ಒಂದೇ ಒಂದು ಆಕ್ಷೇಪವೂ ಇಲ್ಲ. ಎಂಟು ಕಂತಿನಲ್ಲಿ ನಿಮಗೆ ಹಿಡಿಸದ್ದು ಏನೂ ಇರಲಿಲ್ಲವಾ? ಶಾಸಕನ ಪಾತ್ರ ಪಂಕಜ್ ಝಾ ಅವರಂಥ ನಟರ ಕೈಯಲ್ಲಿದ್ದೂ ನನಗೆ ಬರೀ ಕೆಟ್ಟವನಾಗಿ ಕಂಡಿತು. ಊರಿನ ಉಳಿದವರಿಗೆಲ್ಲ ಇರುವ ಎರಡು ಮುಖ ಅವನಿಗಿಲ್ಲ. ನಿಮಗೂ ಇಂಥದ್ದೇನಾದರೂ ಕಂಡಿರಬಹುದು. ಬರೆದರೆ ನಿಮ್ಮ ಮೆಚ್ಚುಗೆಯನ್ನೂ ಓದುಗರು ನಂಬುತ್ತಾರೆ.

ತಿದ್ದಬೇಕಾದ ಸಂಗತಿಗಳು ಕೆಲವಿವೆ. ಶೂಟಿಂಗ್ ಬಲಿಯಾದಲ್ಲಿ ನಡೆಯಿತು ಎಂದು ಬರೆದಿದ್ದೀರಿ. ಕತೆ ನಡೆಯುವುದು ಅಲ್ಲಿ, ಚಿತ್ರೀಕರಣ ಆದದ್ದು ಮಧ್ಯಪ್ರದೇಶದ ಸೀಹೋರ್ ಜಿಲ್ಲೆಯ ಮಹೋಡಿಯಾ ಎಂಬ ಹಳ್ಳಿಯಲ್ಲಿ. ನಿರ್ದೇಶಕ ದೀಪಕ್ ಕುಮಾರ್ ಮಿಶ್ರಾ ಅವರ ಹೆಸರು ಮೂರು ಕಡೆ ಬರುತ್ತದೆ, ಬರೆದ ಚಂದನ್ ಕುಮಾರ್ ಹೆಸರು ಎಲ್ಲೂ ಇಲ್ಲ. ಬರಹಗಾರರಾಗಲು ಹೊರಟ ನೀವೇ ಬರಹಗಾರರನ್ನು ಬಿಡಬಾರದು. ಗೋವಾ ಚಿತ್ರೋತ್ಸವ 2023ರಲ್ಲಿ ಮೊದಲ ಸಲ ವೆಬ್ ಸೀರೀಸ್‌ಗೆ ಕೊಟ್ಟ ಪ್ರಶಸ್ತಿ ಈ ಸೀಸನ್ನಿಗೇ ಬಂತು ಎಂಬುದು ನಿಜ. ಆದರೆ ಲೇಖನವನ್ನು ಅದರಿಂದ ಶುರು ಮಾಡಬೇಡಿ. ಪ್ರಶಸ್ತಿ ಕೊಟ್ಟವರ ಅಭಿಪ್ರಾಯ ಅದು. ನನಗೆ ಬೇಕಿರುವುದು ನಿಮ್ಮದು.

ಹಾಗಾದರೆ ಎಲ್ಲಿಂದ ಶುರು ಮಾಡುವುದು? ಅಪ್ಪ ರಿಮೋಟ್ ಕೆಳಗಿಟ್ಟ ಜಾಗದಿಂದ. ಅವರನ್ನು ಒಮ್ಮೆ ಕೇಳಿ ನೋಡಿ. ಹೇಳಿದರೆ, ಬರೆಯಬಹುದಾ ಎಂದೂ ಕೇಳಿ. ಬೇಡ ಎಂದರೆ ಅದನ್ನು ಅಲ್ಲಿಗೇ ಬಿಟ್ಟು ಮಂಜು ದೇವಿಯಿಂದ ಶುರು ಮಾಡಿ. ಎಂಟುನೂರು ಪದ ಸಾಕು. ಕೊನೆಯ ಕಂತಿನ ವಿಷಯ ಬರುವುದರಿಂದ, ಸೀರೀಸ್ ನೋಡದವರಿಗೆ ಎಚ್ಚರಿಕೆಯ ಒಂದು ಸಾಲನ್ನು ಮೇಲೆ ನಾವೇ ಹಾಕುತ್ತೇವೆ. ಹೊಸ ಪ್ರತಿಯನ್ನು ನೇರವಾಗಿ ನನಗೇ ಕಳಿಸಿ. ಅವಸರವಿಲ್ಲ.