'ಲಿಂಕನ್' ಸಿನಿಮಾ ಮಗನಿಗೆ ತೋರಿಸಬಹುದಾ?

ಪಿಯುಸಿಯಲ್ಲಿ ಇತಿಹಾಸ ಓದುವ ಮಗನಿಗೆ 2012ರ 'ಲಿಂಕನ್' ತೋರಿಸಬಹುದಾ, ಅದನ್ನು ಎಷ್ಟು ನಂಬಬಹುದು ಎಂದು ಕೇಳಿದ್ದೀರಿ. ಖಂಡಿತ ತೋರಿಸಿ. ಆದರೆ ಅಮೆರಿಕದ ಅಧ್ಯಕ್ಷರಾಗಿದ್ದ ಅಬ್ರಹಾಂ ಲಿಂಕನ್ ಅವರ ಇಡೀ ಬದುಕು ಅದರಲ್ಲಿ ಸಿಗುವುದಿಲ್ಲ. ಕಥೆ ಬಹುಪಾಲು 1865ರ ಜನವರಿಯದು. ಗುಲಾಮಗಿರಿ ತೆಗೆದುಹಾಕುವ ಸಂವಿಧಾನದ 13ನೇ ತಿದ್ದುಪಡಿಗೆ ಸಂಸತ್ತಿನಲ್ಲಿ ಮತ ಹೊಂದಿಸುವ ಪರದಾಟ ಅಷ್ಟೇ.

ನನಗೆ ಹಿಡಿಸಿದ್ದೇ ಅದು. ದೊಡ್ಡ ಮನುಷ್ಯನನ್ನು ದೇವರ ಪಟದ ಹಾಗೆ ಗೋಡೆಗೆ ನೇತುಹಾಕಿಲ್ಲ. ಒಳ್ಳೆ ಕೆಲಸಕ್ಕಾಗಿಯೇ ಲಿಂಕನ್ ಕಡೆಯವರು ಮತ ಹಾಕುವವರಿಗೆ ಹುದ್ದೆಯ ಆಸೆ ತೋರಿಸುತ್ತಾರೆ. ಲಿಂಕನ್ ಅವರೂ ಮಾತು ಜಾರಿಸುತ್ತಾರೆ, ಗಂಭೀರ ಸಭೆಯ ಮಧ್ಯೆ ಕಥೆ ಹೇಳಿ ತಲೆ ತಿನ್ನುತ್ತಾರೆ. ಲಿಂಕನ್ ಪಾತ್ರ ಮಾಡಿದ ಡೇನಿಯಲ್ ಡೇ ಲೂಯಿಸ್ ಅವರ ತೆಳು ದನಿ ಕೇಳಿ ಇದೇನಿದು ಅನ್ನಬೇಡಿ. ಲಿಂಕನ್ ದನಿ ಕೀರಲಾಗಿತ್ತು ಎಂದು ಆ ಕಾಲದವರೇ ಬರೆದಿದ್ದಾರೆ.

ಕೊರತೆಯೂ ಇದೆ. ಕಪ್ಪು ಜನ ಹೆಚ್ಚಾಗಿ ಸುಮ್ನೆ ಕಾಯುವವರಾಗಿಯೇ ಕಾಣುತ್ತಾರೆ. ಗುಲಾಮಗಿರಿಯಿಂದ ತಪ್ಪಿಸಿಕೊಂಡು ಬಂದು ಅದರ ವಿರುದ್ಧ ವರ್ಷಗಟ್ಟಲೆ ಹೋರಾಡಿದ, ಲಿಂಕನ್ ಅವರನ್ನು ಮುಖಾಮುಖಿ ಕಂಡು ಮಾತಾಡಿದ ಫ್ರೆಡರಿಕ್ ಡಗ್ಲಸ್ ಅವರ ಪಾತ್ರವೇ ಇಲ್ಲ! ಇದು ನನಗೆ ಜಾಸ್ತಿ ಚುಚ್ಚಿತು. ಇನ್ನೊಂದು, ಮತದಾನದ ದೃಶ್ಯದಲ್ಲಿ ಕನೆಕ್ಟಿಕಟ್ ರಾಜ್ಯದ ಇಬ್ಬರು ಸದಸ್ಯರು ವಿರುದ್ಧ ಮತ ಹಾಕುತ್ತಾರೆ. ನಿಜದಲ್ಲಿ ಆ ರಾಜ್ಯದ ನಾಲ್ವರೂ ತಿದ್ದುಪಡಿಯ ಪರ ಇದ್ದರು.

ಎರಡೂವರೆ ಗಂಟೆ, ಬರೀ ಮಾತು. ಆಗ ರಿಪಬ್ಲಿಕನ್ನರು ಗುಲಾಮಗಿರಿಯ ವಿರುದ್ಧ ಇದ್ದರು, ಡೆಮಾಕ್ರಾಟರಲ್ಲಿ ಹೆಚ್ಚಿನವರು ತಿದ್ದುಪಡಿಗೆ ಅಡ್ಡ ನಿಂತಿದ್ದರು ಎಂದು ಮೊದಲೇ ಹೇಳಿ ಕೂರಿಸಿ. ಇಲ್ಲದಿದ್ದರೆ ಹತ್ತು ನಿಮಿಷಕ್ಕೊಮ್ಮೆ ನಿಲ್ಲಿಸಬೇಕಾಗುತ್ತದೆ.