ಪಿಟೀಲು ಯಾರ ಮನೆಯದು?

ಪತ್ರ: ನಮ್ಮೂರ ರಾಮನವಮಿ ಕಚೇರಿಯಲ್ಲಿ ಹುಡುಗನೊಬ್ಬ ಗಿಟಾರ್ ಹಿಡಿದು ತೋಡಿ ರಾಗ ನುಡಿಸಿದ. ನಮಗೆ ವೀಣೆ, ಪಿಟೀಲು, ಕೊಳಲು ಸಾಲದೇ? ಇಂಥ ವಿಪರೀತಗಳನ್ನು ನಿಮ್ಮ ಪತ್ರಿಕೆ ಹೊಗಳುವುದು ನಿಲ್ಲಲಿ.
– ಓದುಗರೊಬ್ಬರು, ಶಿವಮೊಗ್ಗ

ಉತ್ತರ: ಸಿಟ್ಟಿನ ಕಾಗದವಾದರೂ ಅಕ್ಷರ ಮುತ್ತಿನಂತಿದೆ, ಖುಷಿಯಾಯಿತು. ಹೊಸತು ಎಂದ ಕೂಡಲೇ ಚಪ್ಪಾಳೆ ತಟ್ಟುವವರ ಕಾಟ ಇದೆ, ಒಪ್ಪಿದೆ. ಆದರೆ ಸ್ವಾಮಿ, ನಿಮ್ಮ ಪಟ್ಟಿಯೊಳಗೆ ಪಿಟೀಲು ಹೇಗೆ ನುಸುಳಿತು?

ವಾಗ್ಗೇಯಕಾರ ಮುತ್ತುಸ್ವಾಮಿ ದೀಕ್ಷಿತರ ತಮ್ಮ ಬಾಲುಸ್ವಾಮಿ ದೀಕ್ಷಿತರು ಅದನ್ನು ಮದರಾಸಿನಲ್ಲಿ ಐರೋಪ್ಯರೊಬ್ಬರಿಂದ ಕಲಿತರು. ನಮ್ಮವರು ಅದನ್ನು ದೊರೆಗಳ ಹಾಗೆ ನಿಂತುಕೊಂಡು, ಗಲ್ಲಕ್ಕೆ ಒತ್ತಿ ನುಡಿಸುತ್ತ ಉಳಿಯಲಿಲ್ಲ. ಚಕ್ಕಳಮಕ್ಕಳ ಹಾಕಿ ಕೂತು, ಪಿಟೀಲಿನ ತಲೆಯನ್ನು ಬಲಗಾಲ ಹರಡಿನ ಮೇಲೆ ಊರಿ, ಬುಡವನ್ನು ಎದೆಗೆ ಆನಿಸಿಕೊಂಡರು. ಎಡಗೈಗೆ ವಾದ್ಯ ಹೊರುವ ಕೆಲಸ ತಪ್ಪಿತು. ಬೆರಳು ತಂತಿಯ ಉದ್ದಕ್ಕೂ ಜಾರಬಹುದು, ತೋಡಿಯ ಗಾಂಧಾರ ಸ್ವರವನ್ನು ಬೇಕಾದಷ್ಟು ತೂಗಬಹುದು. ತಂತಿಗಳನ್ನೂ ಸ-ಪ-ಸ-ಪ ಎಂದು ಶ್ರುತಿ ಮಾಡಿಕೊಂಡರು. ಪರದೇಶದ ವಾದ್ಯವನ್ನು ಮಡಿಲಿಗೆ ಹಾಕಿಕೊಂಡವರು ಗಮಕದ, ಅಂದರೆ ಸ್ವರವನ್ನು ಹೀಗೆ ತೂಗಿ ಜಾರಿಸುವ ವಿಷಯದಲ್ಲಿ ಮಾತ್ರ ಒಂದಿಂಚೂ ಜಗ್ಗಲಿಲ್ಲ. ನಾನು ಮೆಚ್ಚುವ ಹಟ ಇದು.

ನಮ್ಮ ತಿರುಮಕೂಡಲಿನ ಪಿಟೀಲು ಚೌಡಯ್ಯನವರನ್ನೇ ನೋಡಿ. ಬಿಡಾರಂ ಕೃಷ್ಣಪ್ಪನವರ ಕಟ್ಟುನಿಟ್ಟಿನ ಪಾಠದಲ್ಲಿ ಪಳಗಿದವರು. ಕಚೇರಿಗಳಿಗೆ ಮೈಕು ಇನ್ನೂ ಬಾರದ ಕಾಲ. ನಾದ ಹಿಂದಿನ ಸಾಲಿಗೂ ಮುಟ್ಟಲೆಂದು ನಾಲ್ಕು ತಂತಿಗೆ ಮೂರು ಸೇರಿಸಿ ಏಳು ಮಾಡಿಕೊಂಡರು. 1957ರಲ್ಲಿ ಮದರಾಸಿನ ಮ್ಯೂಸಿಕ್ ಅಕಾಡೆಮಿ ಅವರಿಗೇ ಸಂಗೀತ ಕಲಾನಿಧಿ ಬಿರುದು ಕೊಟ್ಟಿತು. ನಾಗಸ್ವರದ ಮನೆಯಲ್ಲಿ ಹುಟ್ಟಿದ ಕದ್ರಿ ಗೋಪಾಲನಾಥರು ಮೈಸೂರು ಅರಮನೆಯ ಬ್ಯಾಂಡಿನಲ್ಲಿ ಕಂಡ ಸ್ಯಾಕ್ಸೊಫೋನಿಗೆ ಮನಸೋತು, ವರ್ಷಗಟ್ಟಲೆ ಒದ್ದಾಡಿ, ಅದರ ಬಾಯಲ್ಲಿ ಕಲ್ಯಾಣಿ ರಾಗ ಹಾಡಿಸಿದರು. ನೀವೂ ತಲೆದೂಗಿರುತ್ತೀರಿ!

ಆ ಹುಡುಗನ ಗಾಂಧಾರ ತೂಗಿತೋ, ಮೆಟ್ಟಿಲಿನಿಂದ ಮೆಟ್ಟಿಲಿಗೆ ಜಿಗಿಯಿತೋ? ನಿಮ್ಮ ಕಾಗದದಲ್ಲಿ ಅದರ ಬಗ್ಗೆ ಒಂದು ಸಾಲೂ ಇಲ್ಲ. ನೀವು ಕಣ್ಣಲ್ಲಿ ಕಚೇರಿ ಕೇಳಿ ಬಂದಿರೋ ಎಂದು ನನಗೆ ಗುಮಾನಿ.

ಸಿಟ್ಟು ಮಾಡಬೇಕಾದ್ದು ಬೇರೆಯೇ ಇದೆ. ರಾಮನವಮಿ ಚಪ್ಪರದ ಆ ಆಳೆತ್ತರದ ಸ್ಪೀಕರುಗಳು! ಮೃದಂಗಕ್ಕೆ ಎರಡು ಮೈಕು. ಒಂದೊಂದು ಪೆಟ್ಟಿಗೂ ಎದೆಗೂಡು ಅದುರುತ್ತದೆ, ತಂಬೂರಿ ಎಲ್ಲಿ ಸತ್ತಿತೋ ಗೊತ್ತಾಗುವುದಿಲ್ಲ. ಅಷ್ಟರ ಮೇಲೂ ವಿದ್ವಾಂಸರು ಮೈಕಿನವನಿಗೆ 'ಇನ್ನೂ ಸ್ವಲ್ಪ' ಎಂದು ಬೆರಳೆತ್ತುತ್ತಾರೆ. ಪಲ್ಲವಿಯ ನಡುವೆ ದಾನಿಗಳಿಗೆ ಶಾಲು ಹೊದಿಸುವ ಸಂಭ್ರಮ ಬೇರೆ. ಇದರ ಬಗ್ಗೆ ಒಂದು ಕಾಗದ ಬರೆಯಿರಿ ಸ್ವಾಮಿ. ಎಷ್ಟೇ ಉದ್ದವಿರಲಿ, ಒಂದಕ್ಷರ ಕತ್ತರಿಸದೆ ಅಚ್ಚು ಹಾಕುತ್ತೇನೆ.